ಸೊಪ್ಪು ಕೊಳೆತ ಚಳಿಗಾಲ

ಹೋದ ವಾರ ಹಳಿಯಾಳದ ಸಂತೆಯಲ್ಲಿ ತರಕಾರಿಯವನೊಬ್ಬ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದ. ಒಳಗಿದ್ದದ್ದು ಲೆಟ್ಯೂಸ್ ಸೊಪ್ಪು. ಹೊಳೆದಂಡೆಯ ಯಾವುದೋ ರೆಸಾರ್ಟಿಗೆಂದು ತರಿಸಿದ್ದನಂತೆ, ಅವರು ಒಯ್ಯಲು ಬಂದಿರಲಿಲ್ಲ. ಗಂಟು ಬಿಚ್ಚಿದ್ದೇ ತಡ, ಗಬ್ಬು ವಾಸನೆ ಗುಪ್ಪೆಂದು ಹೊಡೆಯಿತು. ಎಲೆಗಳೆಲ್ಲ ಕಂದು ಲೋಳೆಯಾಗಿ ಒಂದಕ್ಕೊಂದು ಅಂಟಿದ್ದವು. ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ನಿಂತಲ್ಲೇ ನಗತೊಡಗಿದೆ.

“ಯಾಕ ನಗ್ತೀರಿ ಅಕ್ಕಾರ? ನನ್ನ ಮಾಲು ಹಾಳಾಗೇತಿ, ನಿಮಗ ನಗಿ ಬರ್ತೈತೇನ್ರಿ?” ಅಂದ.

“ನಿನ್ನ ನೋಡಿ ಅಲ್ಲೋ ತಮ್ಮಾ. ಈ ವಾಸನಿಗೆ ನಮ್ಮ ಅತ್ತಿ ನೆನಪಾದ್ರು,” ಅಂದೆ.

ಕೊಳೆತ ಸೊಪ್ಪು ಮೂಸಿ ಅತ್ತೆಯನ್ನು ನೆನೆಯುವ ಸೊಸೆ ಎಂಥವಳಿರಬೇಕು ಎಂದು ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ತಪ್ಪು ತಿಳಿದುಕೊಂಡ, ಪಾಪ. ಬಿಡಿಸಿ ಹೇಳೋಣವೆಂದರೆ ನನಗೆ ದಾಂಡೇಲಿ ಬಸ್ಸಿಗೆ ಹೊತ್ತಾಗಿತ್ತು. ಅವನಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ನರ್ಸು. ನಮ್ಮವರು ಕಾಗದದ ಮಿಲ್ಲಿನ ಕೆಲಸದವರು. ದಾಂಡೇಲಿಯ ಬಂಗೂರನಗರದಲ್ಲಿ ನಮ್ಮದೊಂದು ಸಣ್ಣ ಮನೆ. ಹಿಂದೆ ಹಿತ್ತಿಲೂ ಇದೆ, ಆದರೆ ಮಳೆಗಾಲದ ರಾಡಿ ಬೇಡವೆಂದು ನಮ್ಮವರು ಅದಕ್ಕೆ ಗೋಡೆಯಿಂದ ಗೋಡೆಗೆ ಸಿಮೆಂಟ್ ಬಳಿಸಿಬಿಟ್ಟಿದ್ದರು. ಬಂದ ನೆಂಟರಿಗೆಲ್ಲ ಆ ಸಿಮೆಂಟ್ ತೋರಿಸಿ, “ಒಂದು ಹುಲ್ಲುಕಡ್ಡಿ ಹುಟ್ಟಂಗಿಲ್ಲ ನೋಡ್ರಿ” ಎಂದು ಹೇಳಿಕೊಳ್ಳುವುದು ಅವರಿಗೊಂದು ಹೆಮ್ಮೆ. ಮಗಳು ಧಾರವಾಡದ ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರು ಮತ್ತು ಆ ಸಿಮೆಂಟು ಉಳಿದೆವು.

ಆ ವರ್ಷ ದಸರೆ ಮುಗಿದ ಮೇಲೆ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಅವರು ಇದ್ದದ್ದು ಹಳಿಯಾಳದ ಹತ್ತಿರದ ಹಳ್ಳಿಯಲ್ಲಿ, ನಮ್ಮ ಭಾವನ ಮನೆಯಲ್ಲಿ. ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು, ಮನೆಯಲ್ಲೇ ನರ್ಸು ಇರುವಾಗ ಬೇರೆ ಮಾತೇಕೆ ಎಂದು ನಮ್ಮಲ್ಲಿಗೆ ಕರೆತಂದೆವು. ಹೊಸ್ತಿಲು ದಾಟುವ ಮೊದಲೇ ಅತ್ತೆ ಹೇಳಿಬಿಟ್ಟರು.

“ಔಷಧ ಮುಗಿದ ಮರುದಿನ ನಾ ನಮ್ಮೂರಿಗೆ ಹೋಗಾಕಿ. ಈಗ ಹೇಳೀನಿ, ಆಮ್ಯಾಲ ಕೈ ಹಿಡದು ಜಗ್ಗಬ್ಯಾಡ್ರಿ.”

ಅತ್ತೆ ಬಂದ ವಾರದೊಳಗೇ ನನಗೆ ಅವರನ್ನು ಕಳಿಸುವ ಮನಸ್ಸು ಹೋಯಿತು. ಜಗತ್ತಿನಲ್ಲಿ ಸೊಸೆಯಂದಿರು ಬೇರೆ ರೀತಿ ಯೋಚಿಸುತ್ತಾರೆಂದು ನನಗೂ ಗೊತ್ತು. ನನ್ನ ಹೆತ್ತವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು. ಮನೆಗೆ ಬಂದಾಗ “ಉಂಡೇನವ್ವಾ?” ಎಂದು ಯಾರಾದರೂ ಕೇಳುತ್ತಾರೆ ಎಂಬುದೇ ನನಗೆ ರೂಢಿಯಿರಲಿಲ್ಲ. ಅತ್ತೆ ಕೇಳಿದರು. ಡ್ಯೂಟಿ ಮುಗಿಸಿ ಚಪ್ಪಲಿ ಬಿಡುವ ಮೊದಲೇ ಕೇಳಿದರು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಒಲೆಯ ಮುಂದೆ ರೊಟ್ಟಿ ಬಡಿಯುತ್ತ. ಒಲೆ ಮುಂದೆ ಹೋಗಬೇಡಿ ಎಂದು ನಾನು ಬೈದೆ. ಬೈಯುತ್ತಲೇ ಎರಡು ಬಿಸಿ ರೊಟ್ಟಿ ಹೆಚ್ಚಿಗೆ ತಿಂದೆ. ಇಂಥ ಅತ್ತೆಯನ್ನು ಔಷಧದ ಸೀಸೆ ಖಾಲಿಯಾಯಿತೆಂದು ಕಳಿಸುವುದುಂಟೇ.

ಆದರೆ ಅವರಿಗೆ ಇಲ್ಲಿ ಬೇಸರ. ಹೊಲವಿಲ್ಲ, ದನವಿಲ್ಲ, ಜಗಳಾಡಲು ಗುರುತಿನವರೂ ಇಲ್ಲ. ಊಟಕ್ಕೆ ಕುಳಿತರೆ ಇನ್ನೊಂದು ಕೊರಗು. ಅವರ ತವರು ಧಾರವಾಡದ ಆಚೆ ಎರೆಹೊಲದ ಸೀಮೆ. ಅಲ್ಲಿ ರೊಟ್ಟಿಯ ಪಕ್ಕ ಒಂದು ಹಿಡಿ ಹಸಿ ಸೊಪ್ಪು, ಅವರ ಮಾತಿನಲ್ಲಿ ತಪ್ಪಲು, ಇರದಿದ್ದರೆ ಅದು ಊಟವೇ ಅಲ್ಲ. ಅದರಲ್ಲೂ ಹೊಲದಲ್ಲಿ ತಾನೇ ಹುಟ್ಟುವ ಹಕ್ಕರಕಿ ಎಂದರೆ ಅತ್ತೆಗೆ ಜೀವ. ನಮ್ಮ ಕಾಡಿನ ಸೀಮೆಯಲ್ಲಿ ಹಕ್ಕರಕಿ ಎಲ್ಲಿಂದ ಬರಬೇಕು. “ರೊಟ್ಟಿ ಬಣಬಣ ಅನಸ್ತೈತಿ,” ಎಂದು ದಿನಾ ತಾಟಿನ ಅಂಚು ನೋಡುತ್ತಿದ್ದರು.

ಇದನ್ನು ನಾನು ಪೇಮಾಳಿಗೆ ಹೇಳಿದೆ. ಪೇಮಾ ನನ್ನ ಜೊತೆಯ ನರ್ಸು, ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವಳು. ಅವಳ ಕನ್ನಡ ನನ್ನ ಕನ್ನಡಕ್ಕಿಂತ ಖಡಕ್ಕು. ಮುಂದಿನ ವಾರ ಊರಿಂದ ಬರುವಾಗ ಕಾಗದದಲ್ಲಿ ಒಂದು ಚಿಟಿಕೆ ಬೀಜ ಕಟ್ಟಿಕೊಂಡು ಬಂದಳು. “ಲೆಟ್ಯೂಸ್ ಬೀಜ ಅಕ್ಕಾ. ನಮ್ಮವ್ವ ಹಿತ್ತಲದಾಗ ಹಾಕ್ತಾಳ. ನಿಮ್ಮ ಅತ್ತಿಗೆ ಬೆಳದು ಕೊಡು, ಹಸೀದ ತಿನ್ನಲಿ,” ಅಂದಳು.

ಔಷಧದ ಅಂಗಡಿಯಿಂದ ಥರ್ಮಾಕೋಲ್ ಡಬ್ಬಿ ತಂದೆ, ಮಣ್ಣು ಗೊಬ್ಬರ ತುಂಬಿ ಹಿತ್ತಿಲ ಸಿಮೆಂಟಿನ ಮೇಲೆ ಸಾಲಾಗಿ ಇಟ್ಟೆ. ಅತ್ತೆ ಮೊದಮೊದಲು ಆ ಕಡೆ ತಿರುಗಿಯೂ ನೋಡಲಿಲ್ಲ. ಮೊಳಕೆ ಬಂದಾಗ ಒಮ್ಮೆ ಬಗ್ಗಿದರು. ಸಸಿಗೆ ನಾಲ್ಕು ಎಲೆ ಬಂದಾಗ ಒಂದನ್ನು ಚಿವುಟಿದರು. ಚಿವುಟಿದ ಕಡೆ ಬೆಳ್ಳಗೆ ಹಾಲು ಒಸರಿತು. ಅತ್ತೆಯ ಮುಖ ನೋಡಬೇಕಿತ್ತು.

“ಏ ಸುನಂದಾ, ಇದಕ್ಕೂ ಹಾಲು ಬರ್ತೈತಲ್ಲ. ಇದು ನಮ್ಮ ಹಕ್ಕರಕಿ ಬೀಗರ ಪೈಕಿನ ಐತಿ.”

ಅಂದಿನಿಂದ ಹಿತ್ತಿಲು ಅವರದಾಯಿತು. ಮಣ್ಣು ಕೆದಕಿದರು, ಸಸಿ ಕಿತ್ತು ದೂರದೂರ ನೆಟ್ಟರು, ಸರಿಯಾಗಿ ಡಬ್ಬಿ ಇಟ್ಟಿಲ್ಲವೆಂದು ಮಗನನ್ನು ಬೈದರು. ಔಷಧ ಮುಗಿಯಿತು. ಅತ್ತೆ ಗಂಟು ಕಟ್ಟುವ ಮಾತು ತೆಗೆದಾಗ ನಾನು ಮೆಲ್ಲಗೆ, “ಬೆಳಿ ನಿಂತೈತ್ರಿ ಅತ್ತಿ. ಬಿಟ್ಟು ಹೆಂಗ ಹೋಗ್ತೀರಿ?” ಅಂದೆ. ಅವರು ಹಿತ್ತಿಲ ಕಡೆ ನೋಡಿ, ತುಸು ಹೊತ್ತು ಲೆಕ್ಕ ಹಾಕಿ, “ಕರೇನ ಅದು,” ಅಂದರು. ನಿಂತ ಬೆಳೆ ಬಿಟ್ಟು ಹೋಗುವುದು ಅವರ ರಕ್ತದಲ್ಲೇ ಇಲ್ಲ. ನನ್ನ ದಾರಿ ನನಗೆ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ ಗುಟ್ಟಾಗಿ ಹೊಸ ಡಬ್ಬಿಯಲ್ಲಿ ಬೀಜ ಹಾಕತೊಡಗಿದೆ. ಒಂದು ಕೊಯ್ಲಿಗೆ ಬರುವಾಗ ಇನ್ನೊಂದು ಮೊಳೆಯಬೇಕು. ಬೆಳೆ ಮುಗಿಯಲೇಬಾರದು, ಅತ್ತೆ ಹೋಗಲೇಬಾರದು. ನಮ್ಮವರಿಗೆ ಇದು ತಿಳಿದಾಗ, “ನಿನ್ನ ತಲಿ ಸರಕಾರ ನಡಸಾಕ ಬೇಕಾಗಿತ್ತು,” ಎಂದು ಕೈ ಮುಗಿದರು.

ಆ ಚಳಿಗಾಲದ ಮೊದಲ ಕೊಯ್ಲು ಇನ್ನೂ ಬಾಯಲ್ಲಿದೆ. ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಪಕ್ಕದಲ್ಲಿ ಕರುಕುರು ಎನ್ನುವ ಎಲೆ. ಅತ್ತೆ ಕಣ್ಣು ಮುಚ್ಚಿಕೊಂಡು ತಿಂದರು. ಓಣಿಯವರಿಗೆಲ್ಲ ಎಲೆ ಹಂಚಿ ಬಂದರು, ಬರುವಾಗ ನಾಲ್ಕು ಗೆಳತಿಯರನ್ನೂ ಮಾಡಿಕೊಂಡು ಬಂದರು. ಸಂಕ್ರಾಂತಿಗೆ ಭಾವನ ಮನೆಯವರೆಲ್ಲ ಕಾಳಿ ಹೊಳೆದಂಡೆಯ ಮೌಳಂಗಿಗೆ ಬರುವುದು, ಹೊಳೆಯಲ್ಲಿ ಮಿಂದು ದಂಡೆಯ ಮೇಲೆ ಊಟ ಮಾಡುವುದು ಎಂದು ಫೋನಿನಲ್ಲಿ ನಿಶ್ಚಯವಾಯಿತು. “ತಪ್ಪಲ ನಂದು,” ಎಂದು ಅತ್ತೆ ಮಾತು ಕೊಟ್ಟರು. ಅದೇ ಫೋನಿನಲ್ಲಿ ಭಾವ ಅಂದರು, “ಹಂಗಾದ್ರ ಅಲ್ಲಿಂದ ನಮ್ಮ ಜೋಡಿನ ಬಂದುಬಿಡವ್ವಾ.” ಅತ್ತೆ ನನ್ನ ಕಡೆ ನೋಡಿ, “ನೋಡೂಣು, ಬೆಳಿ ಹೆಂಗಿರ್ತೈತೋ,” ಅಂದರು. ನನಗೆ ಅಷ್ಟು ಸಾಕಿತ್ತು.

ಆಮೇಲೆ ಮಂಜು ಇಳಿಯಿತು. ದಾಂಡೇಲಿಯ ಚಳಿಗಾಲದ ಮಂಜೆಂದರೆ ಕಾಳಿ ಹೊಳೆ ಎದ್ದು ಓಣಿಯೊಳಗೆ ಬಂದು ನಿಂತ ಹಾಗೆ. ಎಂಟು ಗಂಟೆಯಾದರೂ ಎದುರು ಮನೆ ಕಾಣದು, ಮಾಡಿನಿಂದ ಟಪಟಪ ಹನಿ ಬೀಳುತ್ತಿರುತ್ತದೆ. ಒಂದು ಬೆಳಿಗ್ಗೆ ನೋಡುತ್ತೇನೆ, ಅಡುಗೆಮನೆಯ ಬಾಗಿಲ ಪಕ್ಕದ ಡಬ್ಬಿಯಲ್ಲಿ ಎರಡು ಗಿಡ ಸೊರಗಿ ಕುಳಿತಿವೆ. ಮುಟ್ಟಿದರೆ ನಡುವಿನ ಎಳೆಯ ಎಲೆಗಳು ಲೋಳೆಯಾಗಿ ಕೈಗೇ ಬಂದವು. ವಾಸನೆ ಬಂತು. ಮರುದಿನ ಪಕ್ಕದ ಡಬ್ಬಿ. ಅದರ ಮರುದಿನ ಇನ್ನೊಂದು.

ಅತ್ತೆಯ ನಿರ್ಣಯ ತಕ್ಷಣ ಬಂತು. “ಕಣ್ಣ ಬಿದ್ದಾವ. ಓಣಿ ತುಂಬ ಹಂಚಿದ್ವಿ, ಎಲ್ಲಾರ ಕಣ್ಣೂ ಒಂದ ನಮೂನಿ ಇರ್ತಾವೇನ?” ಉಪ್ಪು, ಮೆಣಸಿನಕಾಯಿ ಹಿಡಿದು ಡಬ್ಬಿಗಳಿಗೆ ಒಂದೊಂದಾಗಿ ದೃಷ್ಟಿ ತೆಗೆದು ಒಲೆಗೆ ಹಾಕಿದರು. ಓಣಿಯವರೆಲ್ಲ ಕೆಮ್ಮಿದರು, ನಮ್ಮವರು ಕಣ್ಣೀರು ಸುರಿಸುತ್ತ ಹೊರಗೆ ಓಡಿದರು, ಲೆಟ್ಯೂಸ್ ಮಾತ್ರ ಇನ್ನಷ್ಟು ಕೊಳೆಯಿತು. ಆಮೇಲೆ ಒಲೆಯ ಬೂದಿ ಉದುರಿಸಿದರು. ಮಂಜಿನಲ್ಲಿ ಬೂದಿ ತೊಯ್ದು ಕೆಸರಾಯಿತು.

ಈಗ ನನ್ನ ಸರದಿ. ಇಷ್ಟು ವರ್ಷ ಜನರ ಗಾಯ ತೊಳೆದವಳು ನಾನು, ಒಂದು ಸೊಪ್ಪಿಗೆ ಸೋಲುವುದೆ. ಕೊಳೆತ ಡಬ್ಬಿಗಳನ್ನು ದೂರದ ಮೂಲೆಗೆ ಒಯ್ದು ಬೇರೆ ವಾರ್ಡು ಮಾಡಿದೆ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಒರೆಸಿ ಲೋಳೆಯಾದ ಎಲೆ ಕತ್ತರಿಸಿದೆ. ಕೈ ತೊಳೆಯದೆ ಯಾರೂ ಗಿಡ ಮುಟ್ಟುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿದೆ. “ಡಾಕ್ಟರ್ ರೌಂಡ್ಸಿಗೆ ಯಾವಾಗ ಬರ್ತಾರ?” ಎಂದು ನಮ್ಮವರು ಕೇಳಿದರು. ಅವರ ಕೈಗೂ ಸೋಪು ಕೊಟ್ಟು ಬಚ್ಚಲಿಗೆ ಅಟ್ಟಿದೆ. ನನಗೆ ಒಳಗೊಳಗೇ ದಿಗಿಲಾಗಿತ್ತು. ಸಂಕ್ರಾಂತಿ ಹತ್ತಿರ ಬರುತ್ತಿತ್ತು, ಅರ್ಧ ಬೆಳೆ ಹೋಗಿತ್ತು, ಅತ್ತೆ ಟ್ರಂಕಿನಿಂದ ಸೀರೆ ತೆಗೆದು ಮಡಿಚಿಡತೊಡಗಿದ್ದರು.

ರಜೆಯ ದಿನ ಪೇಮಾಳನ್ನು ಮನೆಗೆ ಎಳೆದುಕೊಂಡು ಬಂದೆ. ಅತ್ತೆ ಅಂಗಡಿಗೆ ಹೋಗಿದ್ದರು. ಪೇಮಾ ಒಂದು ಗಿಡ ಬುಡಸಮೇತ ಕಿತ್ತು ಮೂಸಿದಳು.

“ಕೊಳಿ ರೋಗ ಅಕ್ಕಾ. ಬ್ಯಾಕ್ಟೀರಿಯಾ. ನಮ್ಮವ್ವನ ಹಿತ್ತಲದಾಗೂ ಒಮ್ಮೆ ಹಿಂಗ ಆಗಿತ್ತು. ಔಷಧ ಇಲ್ಲ. ಕೊಳತ ಎಲಿ ಅಷ್ಟ ಕತ್ತರಿಸಿದ್ರ ಆಗೂದಿಲ್ಲ, ಇಡೀ ಗಿಡಾ ಕಿತ್ತು ಚೀಲದಾಗ ಕಟ್ಟಿ ಒಗಿ. ಗೊಬ್ಬರಕ್ಕ ಹಾಕಬ್ಯಾಡ. ಉಳದವಕ್ಕ ಬುಡಕ್ಕ ಅಷ್ಟ ನೀರು, ಗಾಳಿ ಆಡೂವಂಗ ಇಡು. ಸುಳಿಯೊಳಗ ನೀರು ನಿಂತ್ರ ಮುಗೀತು.”

“ಬುಡಕ್ಕ ಹಾಕ್ತೇನಿ ಪೇಮಾ. ಮಂಜಿಗೆ ಏನ್ ಮಾಡ್ಲಿ?”

ಅವಳು ಬಾಗಿಲ ಪಕ್ಕದ ಚೆನ್ನಾಗಿದ್ದ ಗಿಡವೊಂದರ ನಡುವೆ ಬೆರಳದ್ದಿ ತೋರಿಸಿದಳು. ಎಲೆಗಳು ಬಟ್ಟಲಿನಂತೆ ಕೂಡಿದಲ್ಲಿ ನೀರು ನಿಂತಿತ್ತು. “ಮಂಜಿನ ನೀರು ಬೆಳ್ಳಗ ಇರ್ತೈತೇನ ಅಕ್ಕಾ?”

ಮರುದಿನ ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಅತ್ತೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿದರು. ಪೂಜೆಯ ನೀರಿನ ಗಿಂಡಿ ಹಿಡಿದು ಮಂಜಿನೊಳಗೆ ಹಿತ್ತಿಲಿಗೆ ಬಂದರು. ಲಿಂಗ ತೊಳೆದ ನೀರು, ಅದರಲ್ಲಿ ಒಂದಿಷ್ಟು ಹಾಲು, ವಿಭೂತಿ. ಬಾಗಿಲ ಪಕ್ಕದ ಒಂದು ಗಿಡದ ಮುಂದೆ ಬಗ್ಗಿ, ಒಂದು ಹನಿಯೂ ಹೊರಗೆ ಚೆಲ್ಲದಂತೆ, ಅದರ ನಟ್ಟನಡುವಿನ ಬಟ್ಟಲಿಗೆ ಸುರಿದರು. ಪಕ್ಕದ್ದಕ್ಕೆ ಸ್ವಲ್ಪ. ಆಮೇಲೆ ಕೈ ಮುಗಿದರು.

ನಾನು ಕಿಟಕಿಯಲ್ಲೇ ನಿಂತುಬಿಟ್ಟೆ. ಪೂಜೆಯ ನೀರನ್ನು ಜನ ತುಳಿಯುವಲ್ಲಿ ಚೆಲ್ಲಬಾರದು, ಬಚ್ಚಲಿಗಂತೂ ಹಾಕಲೇಬಾರದು, ಗಿಡದ ಪಾದಕ್ಕೆ ಹಾಕಬೇಕು. ನಮ್ಮ ಮನೆತನದ ಸಣ್ಣ ಮಕ್ಕಳಿಗೂ ಇದು ಗೊತ್ತು. ಆದರೆ ನಮ್ಮ ಹಿತ್ತಿಲಲ್ಲಿ ಯಾರೂ ಕಾಲಿಡದ ಅಂಗೈಯಗಲ ಮಣ್ಣೂ ಇರಲಿಲ್ಲ. ಅತ್ತೆ ಬಂದ ಹೊಸದರಲ್ಲಿ ಗಿಂಡಿ ಹಿಡಿದು ಓಣಿಯ ತುದಿಯ ಮಾವಿನ ಮರದ ತನಕ ಹೋಗುತ್ತಿದ್ದರು. ನಾನು ಅದನ್ನು ವಾಕಿಂಗ್ ಎಂದುಕೊಂಡಿದ್ದೆ. ಲೆಟ್ಯೂಸ್ ಅಗಲವಾದ ಮೇಲೆ ಅವರಿಗೆ ಮನೆಯಲ್ಲೇ ಶುದ್ಧವಾದ ಜಾಗ ಸಿಕ್ಕಿತ್ತು. ಬುಡದ ಮಣ್ಣಿಗೆ ಹಾಕಿದರೆ ಡಬ್ಬಿಯ ತೂತಿನಿಂದ ಸಿಮೆಂಟಿಗೆ ಹರಿದು ಕಾಲಿಗೆ ಸಿಗುತ್ತದೆ, ಸುಳಿಯೊಳಗೆ ಹಾಕಿದರೆ ಅಲ್ಲೇ ನಿಲ್ಲುತ್ತದೆ. ಎಷ್ಟು ಅಚ್ಚುಕಟ್ಟು ವಿಚಾರ. ಲೆಟ್ಯೂಸಿಗೂ ರೋಗಾಣುವಿಗೂ ಮಾತ್ರ ಭಕ್ತಿ ಗೊತ್ತಿಲ್ಲ.

ಈಗ ನಾನು ಅಡಕತ್ತರಿಯಲ್ಲಿ ಸಿಕ್ಕಿದೆ. ಹೇಳದಿದ್ದರೆ ಬೆಳೆ ಪೂರ್ತಿ ಹೋಗುತ್ತದೆ, ಬೆಳೆಯ ಹಿಂದೆ ಅತ್ತೆಯೂ ಹೋಗುತ್ತಾರೆ. ಹೇಳಿದರೆ? ನಿಮ್ಮ ಪೂಜೆಯ ನೀರಿನಿಂದ ಗಿಡ ಕೊಳೆಯುತ್ತಿದೆ ಎಂದು ಎಪ್ಪತ್ತು ದಾಟಿದ ಶಿವಭಕ್ತೆಗೆ ಯಾವ ಬಾಯಲ್ಲಿ ಹೇಳಲಿ? ಅಂದೇ ಟ್ರಂಕು ಎತ್ತಿಕೊಂಡು ಹಳಿಯಾಳದ ಬಸ್ ಹತ್ತುತ್ತಾರೆ.

“ನಿಮ್ಮವ್ವ, ನೀವ ಹೇಳ್ರಿ,” ಎಂದು ನಮ್ಮವರಿಗೆ ಅಂದೆ.

“ನಿನ್ನ ಬೆಳಿ, ನೀನ ಹೇಳು,” ಅಂದರು ಆ ಧೀರರು.

“ಹಂಗಾರ ಇಬ್ಬರೂ ಹೇಳೂದು ಬ್ಯಾಡ. ನೀವು ಸಿಮೆಂಟ್ ಒಡೀರಿ.”

ಅವರ ಮುಖ ಬಿಳಿಚಿಕೊಂಡಿತು. ಗೋಡೆಯಿಂದ ಗೋಡೆಗೆ ಬಳಿಸಿದ ಸಿಮೆಂಟು. ನಾನು ಬಿಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಒಡೆಯುವುದಾದರೆ ಸಿಮೆಂಟೇ ಒಡೆಯಲಿ. ಆ ಭಾನುವಾರ ಹಾರೆ ಹಿಡಿದು, ಪ್ರತಿ ಏಟಿಗೂ ಉಸ್ಸೆನ್ನುತ್ತ, ಹಿತ್ತಿಲ ನಟ್ಟನಡುವೆ ಒಂದು ಚೌಕ ಒಡೆದರು. ಒಳಗೆ ಕೆಂಪು ಮಣ್ಣು ತಣ್ಣಗೆ ಮಲಗಿತ್ತು. ನರ್ಸರಿಯಿಂದ ಒಂದು ಪತ್ರಿ ಗಿಡ ತಂದೆ, ಮೊಳದುದ್ದದ ಬಿಲ್ವದ ಸಸಿ. ನೆಟ್ಟು ಸುತ್ತಲೂ ಇಟ್ಟಿಗೆ ಜೋಡಿಸಿದೆವು.

ಅತ್ತೆಗೆ ಹೇಳಿದೆ, “ನಿಮ್ಮ ಪೂಜಿಗೆ ದಿನಾ ಪತ್ರಿ ಬೇಕಲ್ರಿ ಅತ್ತಿ, ಅದಕ್ಕ ತಂದೀವಿ. ಪೂಜಿ ನೀರೂ ಇದಕ್ಕ ಹಾಕಿದ್ರಾತು.”

ಅವರು ಗಿಡ ನೋಡಿದರು, ಒಡೆದ ಸಿಮೆಂಟ್ ನೋಡಿದರು, ಸೊಂಟ ಹಿಡಿದು ನಿಂತ ಮಗನನ್ನು ನೋಡಿದರು. ಮರುದಿನ ಬೆಳಿಗ್ಗೆ ಗಿಂಡಿ ಹಿಡಿದು ಆ ಗಿಡದ ಮುಂದೆ ನಿಂತವರು ನನ್ನನ್ನು ಕರೆದರು.

“ಸುನಂದಾ, ಕರೇ ಹೇಳು. ನಾ ಹಾಕಿದ ನೀರಿಗೇ ಅವು ಕೊಳತಿದ್ವು, ಹೌದಿಲ್ಲೋ?”

“ಮಂಜಿಗೂ ಕೊಳೀತಾವ್ರಿ ಅತ್ತಿ.”

“ಮಂಜು ಎಲ್ಲಾ ಡಬ್ಬಿಗೂ ಬೀಳ್ತೈತಿ. ನಾ ನೀರು ಹಾಕಿದ ಸಾಲಷ್ಟ ಹೋತು. ಒಕ್ಕಲತನ ಮಾಡಿದಾಕಿ ಅದೀನಿ, ಇಷ್ಟೂ ತಿಳೀದಿಲ್ಲೇನ? ಮದಲ ಯಾಕ ಹೇಳಲಿಲ್ಲ?”

“ಸಿಟ್ಟಾಗಿ ಹೊಂಟಬಿಡ್ತೀರಿ ಅಂತ ಹೆದರಿದ್ನಿರಿ.”

“ಹೆಂಗೂ ಹೋಗಾಕೀನ ಅದೀನಿ. ಮತ್ತ ಅದಕ್ಕ ಹೆದರೂದೇನ?”

ವಾರ್ಡಿನಲ್ಲಿ ಎಂಥ ಮಾತಿಗೂ ಎದುರು ಮಾತಾಡುವ ಬಾಯಿ ನನ್ನದು, ಅಲ್ಲಿ ತೊದಲಿತು. “ಹೋಗಬ್ಯಾಡ್ರಿ ಅತ್ತಿ,” ಅಂದೆ. “ನನಗ ನೀವು ಬೇಕು. ಅದಕ್ಕ ಬೀಜಾ ಮ್ಯಾಲಿಂದ ಮ್ಯಾಲ ಹಾಕಿದ್ನಿ.”

ಅತ್ತೆ ನಿಧಾನಕ್ಕೆ ಬಗ್ಗಿ ಗಿಂಡಿಯ ನೀರನ್ನು ಸಸಿಯ ಬುಡಕ್ಕೆ ಹಾಕಿದರು, ಕೈ ಮುಗಿದರು. “ರೊಟ್ಟಿ ಆರ್ತಾವ, ನಡಿ ಒಳಗ,” ಅಂದು ನನ್ನ ಬೆನ್ನ ಮೇಲೊಂದು ಗುದ್ದಿದರು.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಸೇರಿ ಕೆಲಸ ಮಾಡಿದೆವು. ಕೊಳೆತ ಗಿಡಗಳನ್ನು ಕಿತ್ತು ಚೀಲದಲ್ಲಿ ಬಿಗಿದು ಹೊರಗೆ ಹಾಕಿದೆವು. “ಅರ್ಧಾ ಚಲೋ ಐತಲ್ಲ” ಎಂದು ಅತ್ತೆ ಪ್ರತಿ ಗಿಡಕ್ಕೂ ಮರುಗಿದರು, ನಾನು ಕರುಣೆಯಿಲ್ಲದೆ ಕಿತ್ತೆ. ಆ ಡಬ್ಬಿಗಳ ಮಣ್ಣು ಚೆಲ್ಲಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿದೆ. ಉಳಿದವನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ನಡುವೆ ಗಾಳಿ ಬಿಟ್ಟು, ಬೇಗ ಬಿಸಿಲು ಬೀಳುವ ಗೋಡೆಗೆ ಸರಿಸಿದೆವು. ಮಾಡಿನ ಹನಿ ಬೀಳದಂತೆ ನಮ್ಮವರು ಮೇಲೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿದರು. ಬಿಸಿಲು ಬಂದ ಮೇಲಷ್ಟೇ ನೀರು, ಅದೂ ಬುಡಕ್ಕೆ. ಎಲೆ ತೊಯ್ದಿರುವಾಗ ಯಾರೂ ಮುಟ್ಟುವ ಹಾಗಿಲ್ಲ. ಆಮೇಲೆ ಒಂದು ಗಿಡವೂ ಕೊಳೆಯಲಿಲ್ಲ.

ಸಂಕ್ರಾಂತಿಯ ದಿನ ಮೌಳಂಗಿಯಲ್ಲಿ ಬಿಸಿಲು ಹದವಾಗಿತ್ತು. ಮಕ್ಕಳು ಹೊಳೆಯಲ್ಲಿ ಕುಣಿದು ನಡುಗುತ್ತ ಬಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಸಿಹಿಗೆ ಮಾದೇಲಿ. ನಡುವೆ ಅತ್ತೆ ಬುಟ್ಟಿಯ ಮೇಲಿನ ಬಟ್ಟೆ ತೆಗೆದು ಹಸಿರು ಎಲೆಗಳನ್ನು ಎಲ್ಲರ ತಾಟಿಗೂ ತಾವೇ ಹಾಕಿದರು. ಭಾವ ಮೊದಲು ಅನುಮಾನದಿಂದ ಕಚ್ಚಿದರು, ಆಮೇಲೆ ಮತ್ತೆ ಕೈ ಚಾಚಿದರು. ನನಗೆ ಮಾತ್ರ ತುತ್ತು ಇಳಿಯಲಿಲ್ಲ. ಅತ್ತೆ ತಮ್ಮ ಟ್ರಂಕನ್ನು ತಾವೇ ಹೇಳಿ ಗಾಡಿಯಲ್ಲಿ ಇಡಿಸಿಕೊಂಡು ಬಂದಿದ್ದರು.

ಊಟ ಮುಗಿದು ಭಾವ ಕೈ ತೊಳೆದುಕೊಂಡರು. “ಬೆಳಿ ಎಲ್ಲಾ ತಿಂದ ಮುಗಿಸಿದ್ವಿ ಯವ್ವಾ. ಇನ್ನರ ಹೋಗೂಣು?”

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಈ ತಪ್ಪಲದ್ದೇನು, ತಿಂಗಳೊಪ್ಪತ್ತಿಂದು. ಅಲ್ಲಿ ನಂದೊಂದು ಪತ್ರಿ ಗಿಡಾ ಐತಿ. ದಿನಾ ನೀರು ಹಾಕಾಕಿ ನಾನ. ಅದು ನನ್ನ ಎತ್ತರ ಆಗೂತನಾ ನಾ ಎಲ್ಲಿಗೂ ಬರೂದಿಲ್ಲ ಈರಣ್ಣಾ. ಆ ಟ್ರಂಕಿನ್ಯಾಗ ನನ್ನ ಸೀರಿ ಇಲ್ಲ, ನಿನ್ನ ಹೇಣ್ತಿಗೂ ಮಕ್ಕಳಿಗೂ ಹಬ್ಬದ ಅರಿವಿ ಅದಾವ. ಇಳಿಸಿಕೋ.”

ನಾನು ಅತ್ತೆಯ ಮಗ್ಗುಲಿಗೆ ಹೋಗಿ ಕುಳಿತು ಮೂರು ರೊಟ್ಟಿ ತಿಂದೆ.

ಆ ಪತ್ರಿ ಗಿಡ ಈಗ ನಮ್ಮ ಹಿತ್ತಿಲ ಗೋಡೆ ದಾಟಿ ಮಾಡಿಗೆ ಮುಟ್ಟಿದೆ. ಬೇರು ಹರಿದು ಉಳಿದ ಸಿಮೆಂಟೂ ಬಿರುಕು ಬಿಟ್ಟಿದೆ, ನಮ್ಮವರು ಅದರ ಮಾತು ಬಿಟ್ಟಿದ್ದಾರೆ. ಪ್ರತಿ ಸಂಕ್ರಾಂತಿಗೂ ಭಾವ ಬರುತ್ತಾರೆ, ಮರದ ಕೆಳಗೆ ನಿಂತು, “ಎತ್ತರ ಆತೇನವ್ವಾ?” ಎಂದು ಕೇಳುತ್ತಾರೆ. ಅತ್ತೆಯ ಕಣ್ಣು ಈಗ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಹಣೆಗೆ ಕೈ ಹಿಡಿದು, ತಲೆಯೆತ್ತಿ, ಆ ಮರದ ತುದಿಯವರೆಗೂ ನೋಡುತ್ತಾರೆ.

“ಇನ್ನೂ ಗಿಡ್ಡ ಐತೋ,” ಅನ್ನುತ್ತಾರೆ.